ಬಾಣಂತಿ ಕೋಣೆಯ ಗಾಜು

ಚಿತ್ರದುರ್ಗ,
ಸಾಧಾರಣ ಸಂವತ್ಸರದ ಕಾರ್ತಿಕ ಬಹುಳ, ಭಾನುವಾರ
೨೦ ನವೆಂಬರ್ ೧೯೧೦

ಹರಿಯಬ್ಬೆಯಲ್ಲಿರುವ ನನ್ನ ಸಿದ್ದಕ್ಕನಿಗೆ,

ದುರ್ಗದಿಂದ ನಿನ್ನ ತಮ್ಮ ಕಾಟಲಿಂಗ ಕೈ ಮುಗಿದು ಬರೆಯುತ್ತಿದ್ದೇನೆ. ನಾನಿಲ್ಲಿ ಕ್ಷೇಮ ಎಂಬ ಸಾಲನ್ನು ಮೊದಲು ಬರೆದೆ, ಆಮೇಲೆ ಹೊಡೆದು ಹಾಕಿದೆ. ಮೇಲ್ಗಡೆ ಮಸಿ ಕದಡಿರುವುದು ಅದಕ್ಕೇ.

ಭಾವ ಬರೆದ ಕಾರ್ಡು ಬುಧವಾರ ಬಂತು. ನಿನಗೆ ಏಳು ತುಂಬಿತು, ಸಂಕ್ರಾಂತಿ ಹೊತ್ತಿಗೆ ಹೆರಿಗೆ, ಈ ಸಲವೂ ತವರು ತಾಳ್ಯಕ್ಕೇ ಹೋಗುತ್ತೀಯ ಎಂದಿದ್ದಾರೆ. ಆದರೆ ಸೂಲಗಿತ್ತಿ ದುರುಗಕ್ಕ ಹೊಸ್ತಿಲು ತುಳಿಯಬಾರದು ಎಂದು ನೀನು ಹಟ ಹಿಡಿದಿದ್ದೀಯಂತೆ. ದುರ್ಗದ ಕಡೆ ಬೇರೆ ಒಳ್ಳೆಯ ಸೂಲಗಿತ್ತಿ ಇದ್ದರೆ ನಾನೇ ಕರೆತರಬೇಕಂತೆ. ಕೊನೆಯಲ್ಲಿ ನಿನ್ನ ಮಾತನ್ನು ನೀನು ಆಡಿದ ಹಾಗೇ ಬರೆದಿದ್ದಾರೆ: "ಆ ಮುದುಕಿ ಕೈ ನನ್ನ ಮಗೀಗೆ ತಾಕಬಾರ್ದು. ಒಂದನ್ನ ನುಂಗಿದ ಕೈ ಅದು."

ಮೂರು ದಿನ ಆ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಚಂದ್ರವಳ್ಳಿ ಕೆರೆಯ ತನಕ ಹೋಗಿ ಅದನ್ನು ಹರಿದು ಎಸೆಯಬೇಕು ಅಂದುಕೊಂಡೆ. ಎಸೆಯಲಿಲ್ಲ. ಅಕ್ಕ, ಅದು ದುರುಗಕ್ಕನ ಕೈಯಲ್ಲ. ನನ್ನ ಕೈ.

ಅಜ್ಜಪ್ಪ ಭಾವ, ಈ ಕಾಗದವನ್ನು ಅವಳಿಗೆ ಓದಿ ಹೇಳುವವರು ನೀವೇ. ಇಲ್ಲಿ ನಿಲ್ಲಿಸಿ, ಅವಳನ್ನು ಕೂರಿಸಿ, ನೀರು ಕೊಡಿ. ಆಮೇಲೆ ಒಂದು ಸಾಲೂ ಬಿಡದೆ ಓದಿ. ಬಸುರಿಗೆ ಇಂಥದ್ದನ್ನು ಓದಬಾರದು ಎಂದು ನಿಮಗೆ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಎಂಟು ತಿಂಗಳು ನಾನು ಇಂಥ ನೆವಗಳಲ್ಲೇ ಕಳೆದಿದ್ದೇನೆ. ಮೊದಲು ಅವಳು ಹಾಸಿಗೆ ಹಿಡಿದಿದ್ದಾಳೆ ಅಂತ, ಆಮೇಲೆ ಈಗಷ್ಟೇ ಎದ್ದು ಓಡಾಡುತ್ತಿದ್ದಾಳೆ ಅಂತ, ಆಮೇಲೆ ಬಸುರಿ ಅಂತ. ಇನ್ನು ತಡಮಾಡಿದರೆ ಬಾಣಂತಿ ಅಂತ ಸುಮ್ಮನಿರುತ್ತೇನೆ.

ಅಕ್ಕ, ನನಗೆ ಒಂದು ಕಡೆ ಕಾಲು ನಿಲ್ಲುವುದಿಲ್ಲ ಎಂದು ನೀನು ಬೈಯುತ್ತಿದ್ದೆ. ಹಿರಿಯೂರಿನ ಹತ್ತಿರ ಮಾರಿಕಣಿವೆ ಕಟ್ಟೆಯಲ್ಲಿ ಕಲ್ಲು ಹೊತ್ತೆ, ಹೊಸದುರ್ಗದಲ್ಲಿ ಬಟ್ಟೆ ಅಂಗಡಿಯಲ್ಲಿ ಗಜಕಡ್ಡಿ ಹಿಡಿದೆ, ಎರಡನ್ನೂ ಬಿಟ್ಟೆ. ಇಲ್ಲಿ ಹವೆ ನೋಡುವ ಕಚೇರಿ ಸೇರಿದ ಮೇಲೆ ಮಾತ್ರ ನಿಂತೆ. ಕೆಲಸ ಏನು ಎಂದು ನೀನು ಕೇಳಿದ್ದಾಗ ನಾನು ಜಂಬದಿಂದ ಹೇಳಿದ್ದೆ, ನೆನಪಿರಬಹುದು. ಬಯಲಿನಲ್ಲಿ ಕಾಲಿನ ಮೇಲೆ ನಿಂತಿರುವ ಒಂದು ಜಾಲಂದರದ ಪೆಟ್ಟಿಗೆ, ಅದರೊಳಗೆ ಪಾದರಸದ ಕಡ್ಡಿಗಳು. ಬೆಳಗಿನ ಎಂಟು ಗಂಟೆಗೆ ಪೆಟ್ಟಿಗೆ ತೆರೆದು ರಾತ್ರಿ ಎಷ್ಟು ಚಳಿ ಇಳಿದಿತ್ತು, ನಿನ್ನೆ ಎಷ್ಟು ಬಿಸಿಲು ಏರಿತ್ತು ಎಂದು ನೋಡಿ ಬರೆಯಬೇಕು. ಮೇಲಿನವರು ಫಜಲುಲ್ಲಾ ಸಾಹೇಬರು. ಗಡ್ಡಕ್ಕೆ ಮದರಂಗಿ, ಬಾಯಿ ತುಂಬ ಎಲೆ ಅಡಿಕೆ, ತಲೆ ತುಂಬ ಪುಸ್ತಕ.

ಹೋದ ವರ್ಷ ಮಾರ್ಗಶಿರದಲ್ಲಿ ಒಂದು ದಿನ ಕಡ್ಡಿ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಅರವತ್ತೈದು ಡಿಗ್ರಿ ತೋರಿಸಿತು, ಮಾರನೆಯ ದಿನ ಐವತ್ತಮೂರು. ಕಡ್ಡಿ ಕೆಟ್ಟಿದೆ ಎಂದು ಸಾಹೇಬರ ಹತ್ತಿರ ಓಡಿದೆ. ಅವರು ಗಹಗಹಿಸಿ ನಕ್ಕರು.

"ಕಡ್ಡಿ ಕೆಟ್ಟಿಲ್ಲ ಮಿಯಾ, ನಿನ್ ಕಣ್ಣು ಕೆಟ್ಟೈತೆ. ಮೊನ್ನೆ ರಾತ್ರಿ ಆಕಾಶ ನೋಡಿದ್ಯಾ?"

"ಮೋಡ ಇತ್ತು ಸಾಹೇಬ್ರೆ."

"ನಿನ್ನೆ?"

"ಚುಕ್ಕಿ ಕಾಣ್ತಿದ್ವು."

"ಅಷ್ಟೇ ನೋಡು. ಮೊನ್ನೆ ಭೂಮಿ ಕಂಬಳಿ ಹೊದ್ದು ಮಲಗಿತ್ತು, ನಿನ್ನೆ ಬರೀ ಮೈಲಿ ಮಲಗಿತ್ತು."

ಆಮೇಲೆ ಅವರು ಬಿಡಿಸಿ ಹೇಳಿದರು. ಸೂರ್ಯನ ಬೆಳಕು ಗಾಳಿಯನ್ನು ಹಾದು ನೆಲಕ್ಕೆ ಬೀಳುತ್ತದೆ. ನೆಲ ಅದನ್ನು ಕುಡಿದು ಬಿಸಿಯಾಗುತ್ತದೆ, ಆ ಬಿಸಿಯನ್ನು ತಿರುಗಿ ಆಕಾಶಕ್ಕೆ ಬಿಡುತ್ತದೆ. ಆದರೆ ಹಾಗೆ ಹೊರಟ ಬಿಸಿ ಬೆಳಕಿನಂತೆ ಕಣ್ಣಿಗೆ ಕಾಣುವಂಥದ್ದಲ್ಲ, ಕಾದ ಹಂಚಿನ ಹತ್ತಿರ ಕೈ ಹಿಡಿದರೆ ತಾಕುತ್ತದಲ್ಲ, ಅಂಥದ್ದು. ಗಾಳಿಯಲ್ಲಿ ಬೆರೆತ ನೀರಿನ ಆವಿ, ಇದ್ದಿಲು ಉರಿದಾಗ ಹುಟ್ಟುವ ಒಂದು ಕಾಣದ ಗಾಳಿ, ಇವು ಬೆಳಕನ್ನು ಒಳಕ್ಕೆ ಬಿಡುತ್ತವೆ, ಆ ಬಿಸಿಯನ್ನು ಮಾತ್ರ ಹಿಡಿದು ಅರ್ಧ ಮತ್ತೆ ನೆಲಕ್ಕೇ ಕೊಡುತ್ತವೆ. ಈ ಕಾಣದ ಕಂಬಳಿ ಇಲ್ಲದಿದ್ದರೆ ಭೂಮಿಯೆಲ್ಲ ಮಂಜುಗಡ್ಡೆಯಾಗಿ ನಾವು ಯಾರೂ ಹುಟ್ಟುತ್ತಲೇ ಇರಲಿಲ್ಲವಂತೆ. ವಿಲಾಯಿತಿಯ ದೊರೆಗಳು ಹೂವಿನ ಗಿಡಗಳಿಗೆ ಗಾಜಿನ ಮನೆ ಕಟ್ಟುತ್ತಾರಲ್ಲ, ಜನ ಇದನ್ನು ಅದಕ್ಕೇ ಹೋಲಿಸುತ್ತಾರೆ ಎಂದರು. ಆ ಮಾತಿನ ಮೇಲೆ ಇನ್ನೇನೋ ಹೇಳುವುದರಲ್ಲಿದ್ದರು. ನಾನು ಕೇಳಿಸಿಕೊಳ್ಳದೆ ಎದ್ದು ಹೋದೆ. ಗಾಜಿನ ಮನೆ ಎಂಬಲ್ಲಿಗೇ ನನ್ನ ತಲೆ ನಿಂತುಬಿಟ್ಟಿತ್ತು.

ಪುಷ್ಯದಲ್ಲಿ ನಿನಗೆ ಹೆಣ್ಣು ಹುಟ್ಟಿತು, ಎಂಟು ತಿಂಗಳಿಗೇ ಹುಟ್ಟಿತು, ಅಂಗೈಯಷ್ಟಿದೆ, ಮೈ ಬೆಚ್ಚಗಾಗುತ್ತಿಲ್ಲ ಎಂದು ಅವ್ವ ಹೇಳಿ ಕಳಿಸಿದಳು. ನನಗೆ ದುಃಖ ಆಗಬೇಕಿತ್ತು. ನಿಜ ಹೇಳುತ್ತೇನೆ, ಹಿಗ್ಗಾಯಿತು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ್ದು ನನಗೊಬ್ಬನಿಗೆ ಗೊತ್ತಿದೆ ಎಂಬ ಹಿಗ್ಗು. ಬಜಾರಿನಲ್ಲಿ ದೇವರ ಪಟಗಳಿಗೆ ಕಟ್ಟು ಹಾಕುವ ಹಜರತ್ ಅಲಿಯ ಅಂಗಡಿಗೆ ಹೋಗಿ ಮೊಳದಗಲದ ಗಾಜು ಕೇಳಿದೆ. ಮಾಳಿಗೆಗೆ ಎಂದಾಗ ಅವನು, "ಏನಪ್ಪ, ಸೂರ್ಯನ್ನ ಹಿಡಕಂಡು ಹೋಗಿ ಪಟ ಕಟ್ಟುಸ್ತೀಯೇನು?" ಎಂದು ಚೇಷ್ಟೆ ಮಾಡಿದ. ಹೌದು ಅಂದೆ. ಗೋಣಿಯಲ್ಲಿ ಹುಲ್ಲು ತುಂಬಿ, ಅದರ ನಡುವೆ ಗಾಜಿಟ್ಟುಕೊಂಡು, ಗಾಡಿಯಲ್ಲಿ ಹೊಳಲ್ಕೆರೆಗೆ ಬಂದು, ಅಲ್ಲಿಂದ ತಾಳ್ಯಕ್ಕೆ ನಡೆದೆ. ತೊಡೆಯ ಮೇಲೆ ಕೂಸು ಇಟ್ಟುಕೊಂಡವನ ಹಾಗೆ ಗಾಡಿಯಲ್ಲಿ ಕೂತಿದ್ದೆ.

ನಮ್ಮ ಬಾಣಂತಿ ಕೋಣೆ ನಿನಗೆ ಗೊತ್ತು. ಕಿಟಕಿ ಇಲ್ಲ. ಥಂಡಿ ಹೊಡೆಯಬಾರದೆಂದು ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಹಳೇ ಕಂಬಳಿ ತುರುಕುತ್ತಾರೆ. ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ. ಉಸಿರಿಗೆ ಇರುವುದು ಮಾಳಿಗೆಯ ಬೆಳಕಿಂಡಿ ಒಂದೇ. ಅದರಿಂದಲೇ ಚಳಿ ಇಳಿಯುತ್ತದೆ ಎಂದು ಅವ್ವ ಗೊಣಗುತ್ತಿದ್ದಳು. ನಾನು ಮಾಳಿಗೆ ಹತ್ತಿ, ಗಾರೆ ಕಲಸಿ, ಕಿಂಡಿಯ ಮೇಲೆ ಗಾಜು ಕೂರಿಸಿದೆ. ಬೆಳಕು ಒಳಗೆ ಬರಲಿ, ಬಿಸಿ ಹೊರಗೆ ಹೋಗದಿರಲಿ ಅಂತ. ಒಂದು ಎಳೆಯಷ್ಟೂ ಸಂದಿ ಬಿಡಲಿಲ್ಲ. ಅಷ್ಟು ಅಚ್ಚುಕಟ್ಟಾದ ಕೆಲಸ ನಾನು ಹುಟ್ಟಿದಾಗಿನಿಂದ ಮಾಡಿರಲಿಲ್ಲ.

ಕೆಳಗಿಳಿದು ಬಂದಾಗ ಕೋಣೆಯ ಗೋಡೆಯ ಮೇಲೆ ಬಿಸಿಲಿನ ಒಂದು ಚೌಕ ಬಿದ್ದಿತ್ತು. ನೀನು ಮಗುವನ್ನು ಅದರ ಕಡೆ ಎತ್ತಿ ಹಿಡಿದು, "ನೋಡವ್ವ, ನಿಮ್ ಮಾವ ನಿಂಗೊಂದು ಸೂರ್ಯ ತಂದಾನೆ, ಬೆಳ್ಳಿ ಬಟ್ಲು ತರಾಕೆ ಯೋಗ್ತಿ ಇಲ್ದೆ," ಎಂದು ನಕ್ಕೆ. ಹೆತ್ತ ಮೇಲೆ ನೀನು ಮೊದಲು ನಕ್ಕದ್ದು ಅವತ್ತೇ ಎಂದು ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಈಗ ಬರೆಯುವುದು ನಿಮಗೆ ಯಾರಿಗೂ ಗೊತ್ತಿಲ್ಲ. ನಾನು ಮಾಳಿಗೆಯ ಮೇಲಿದ್ದಾಗ ದುರುಗಕ್ಕ ಹಿತ್ತಲಲ್ಲಿ ನಿಂತು ಕೂಗಿ ಕೇಳಿದ್ದಳು.

"ಏನೋ ಕಾಟ, ಆ ಕಿಂಡಿ ಮುಚ್ಚಿದ್ರೆ ಹೊಗೆ ಎತ್ಲಾಗೆ ಹೋಗ್ಬೇಕಪ್ಪ?"

"ಸೌದೆ ಕೆಂಡ ಹಾಕಬ್ಯಾಡ ಕಣಜ್ಜಿ. ಜಾಲಿ ಇದ್ದಿಲು ತರಿಸಿವ್ನಿ. ಅದ್ರಲ್ಲಿ ಹೊಗೇನೇ ಬರಲ್ಲ."

"ಹೊಗೆ ಬರ್ದೇ ಇರೋ ಬೆಂಕಿ ನಾನ್ ಕಾಣೆ."

"ಕಣ್ಣಿಗೆ ಕಾಣದ್ದು ನಿಂಗೆ ಹೆಂಗ್ ಗೊತ್ತಾಗ್ಬೇಕು ಬಿಡು. ಅದಕ್ಕೆ ಓದಿರ್ಬೇಕು."

ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಮೇಲೆ ನೋಡಿದಳು. "ನಲವತ್ತು ವರ್ಸದಿಂದ ಕಣ್ಣಿಗೆ ಕಾಣದ್ದನ್ನೇ ಹಿಡ್ದು ಹೊರಗೆ ಎಳೀತಿದೀನಿ ಕಣ್ಲೇ. ನಿನ್ನನ್ನೂ ಎಳೆದಿದ್ದು ನಾನೇಯ. ಕಾಲು ಮುಂದಾಗಿ ಬಂದಿದ್ದೆ, ಆವಾಗ್ಲೇ ನಿಂಗೆ ಅವಸರ," ಅಂದಳು.

ನಾನು ನಕ್ಕೆ. ಮೇಲೆ ನಿಂತವನಿಗೆ ಕೆಳಗಿನ ಮುದುಕಿ ಸಣ್ಣದಾಗಿ ಕಾಣುತ್ತಿದ್ದಳು. ಮನೆಯ ಗಂಡುಹುಡುಗ, ದುರ್ಗದಲ್ಲಿ ಸರ್ಕಾರದ ಕೆಲಸದಲ್ಲಿರುವವನು, ಅವನ ಮಾತಿಗೆ ಅಡ್ಡ ಬರುವುದು ಹೇಗೆ ಎಂದುಕೊಂಡು ಒಳಗೆ ಹೋದಳು. ಸೌದೆಯ ಕೆಂಡ ಬಿಟ್ಟು ನಾನು ತಂದ ಇದ್ದಿಲನ್ನೇ ಹಾಕಿದಳು. ನಾನು ಹೇಳಿದ ಹಾಗೇ ಮಾಡಿದಳು, ಅಕ್ಕ. ಅವಳ ತಪ್ಪು ಅದೊಂದೇ.

ಮಾರನೆಯ ದಿನ ನಾನು ದುರ್ಗಕ್ಕೆ ಹಿಂದಿರುಗಿದೆ. ಅದಾದ ಎರಡನೆಯ ಬೆಳಿಗ್ಗೆ ಪೆಟ್ಟಿಗೆ ತೆರೆದಾಗ ಕಡ್ಡಿ ಐವತ್ತೊಂದಕ್ಕೆ ಇಳಿದಿತ್ತು. ಆ ಚಳಿಗಾಲದಲ್ಲೇ ಅಷ್ಟು ಇಳಿದಿರಲಿಲ್ಲ. ಬೆರಳು ಸೆಟೆದು ಸೀಸದ ಕಡ್ಡಿ ಹಿಡಿಯಲಾಗುತ್ತಿರಲಿಲ್ಲ. ನಾನು ಮಾತ್ರ ಒಳಗೊಳಗೇ ನಗುತ್ತಿದ್ದೆ. ಇಳಿಯಲಿ, ಇನ್ನೂ ಇಳಿಯಲಿ, ನನ್ನ ಸೋದರ ಸೊಸೆ ಬೆಚ್ಚಗಿದ್ದಾಳೆ ಅಂದುಕೊಂಡೆ. ಅದೇ ಎಂಟು ಗಂಟೆಯ ಹೊತ್ತಿಗೆ ಅವ್ವ ನಿನ್ನ ಕೋಣೆಯ ಬಾಗಿಲು ನೂಕಿದ್ದು.

ಆಮೇಲಿನದು ನಿನಗೆ ಅವರು ಹೇಳಿದ್ದಷ್ಟೇ ಗೊತ್ತು. ಹಿಂದಿನ ರಾತ್ರಿ ಎಣ್ಣೆ ನೀರು ಹಾಕಿ, ನಿಮ್ಮಿಬ್ಬರಿಗೂ ಹೊದಿಸಿ, ಚಳಿ ಹೆಚ್ಚೆಂದು ಅಗ್ಗಿಷ್ಟಿಕೆ ತುಂಬ ಇದ್ದಿಲು ಹಾಕಿ ಒಳಗಿಟ್ಟು ಬಾಗಿಲು ಮುಚ್ಚಿದ್ದರು. ಹೊಗೆ ಇರಲಿಲ್ಲ, ವಾಸನೆ ಇರಲಿಲ್ಲ. ನೀನು ಬಾಗಿಲ ಕಡೆ ಉರುಳಿ ಬಿದ್ದಿದ್ದೆ. ನಿನಗೆ ಎಚ್ಚರ ಬಂದದ್ದು ಹೊತ್ತು ಮುಳುಗಿದ ಮೇಲೆ. ಮಗು ಮಲಗಿದ ಹಾಗೇ ಇತ್ತಂತೆ, ಕೆನ್ನೆ ಕೆಂಪಗೆ. ಹನ್ನೊಂದು ದಿನದ ಕೂಸು, ಹೆಸರಿಟ್ಟಿರಲಿಲ್ಲ.

ಆ ಕೆಂಪು ಕೆನ್ನೆಯೇ ದುರುಗಕ್ಕನನ್ನು ಮುಳುಗಿಸಿತು. ಕಾಯಿಲೆಯ ಮಗುವಿನ ಕೆನ್ನೆ ಹಾಗಿರುತ್ತದೆಯೇ, ಚೇತರಿಸಿಕೊಳ್ಳುತ್ತಿದ್ದ ಮಗುವಿಗೆ ಇವಳು ಏನೋ ಕುಡಿಸಿದ್ದಾಳೆ, ಇವಳ ಕೈಗುಣ ಹೋಯಿತು ಎಂದರು. ನಾನು ಮಣ್ಣಿಗೆ ಬಂದಾಗ ಪಡಸಾಲೆಯಲ್ಲಿ ಇದೇ ಮಾತು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಅವಳು ಅಂಗಳದ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು, ಯಾರೂ ಅವಳನ್ನು ಏಳು ಅನ್ನಲಿಲ್ಲ, ಕೂರು ಅನ್ನಲಿಲ್ಲ. ಒಂದು ಸಲ ನನ್ನ ಕಡೆ ನೋಡಿದಳು. ನಾನು ಮಾಳಿಗೆಯ ಜಂತೆ ಎಣಿಸಿದೆ.

ಆಣೆ ಮಾಡಿ ಹೇಳುತ್ತೇನೆ, ಅವತ್ತು ನನಗೆ ತಿಳಿದಿರಲಿಲ್ಲ. ಅನುಮಾನ ಇತ್ತು, ತಿಳಿದಿರಲಿಲ್ಲ. ತಿಳಿದದ್ದು ಫಾಲ್ಗುಣದಲ್ಲಿ. ಒಂದು ಮಧ್ಯಾಹ್ನ ಸಾಹೇಬರು ಖುಷಿಯಲ್ಲಿದ್ದರು. ವಿಲಾಯಿತಿ ಪಂಡಿತನೊಬ್ಬ ಲೆಕ್ಕ ಹಾಕಿದ್ದಾನಂತೆ. ರೈಲು, ಗಿರಣಿ ಎಲ್ಲ ಸೇರಿ ನೂರಾರು ವರ್ಷ ಹೀಗೇ ಕಲ್ಲಿದ್ದಲು ಸುಟ್ಟರೆ ಆ ಕಾಣದ ಗಾಳಿ ಹೆಚ್ಚಿ, ಕಂಬಳಿ ದಪ್ಪವಾಗಿ, ಭೂಮಿಯೇ ಬೆಚ್ಚಗಾಗುತ್ತದಂತೆ. "ನಮ್ ದುರ್ಗದ ಕಲ್ಲುಬಂಡೆ ಇನ್ನೂ ಕಾದ್ರೆ ದೋಸೇನೇ ಹುಯ್ಯಬೋದು," ಎಂದು ನಕ್ಕರು. ಆಗ ನಾನು ಯಾರದೋ ಮನೆಯ ಸುದ್ದಿ ಎಂಬಂತೆ ಕೇಳಿದೆ: ಚಿಕ್ಕ ಕೋಣೆಗೆ ಗಾಜು ಹಾಕಿ ಒಳಗೆ ಇದ್ದಿಲು ಉರಿಸಿದರೆ ಅದೂ ಹೀಗೇ ಬೆಚ್ಚಗಾಗುತ್ತದಲ್ಲವೇ?

ಅವರ ನಗು ನಿಂತಿತು. "ತೋಬಾ! ಒಳಗಿರೋರು ಸತ್ತೇ ಹೋಗ್ತಾರೆ. ಅವತ್ತೇ ಹೇಳಕ್ಕೆ ಬಂದೆ, ನೀನು ಎದ್ದು ಹೋದೆ. ಗಾಜಿನ ಮನೆ ಬೇರೆ, ಆಕಾಶ ಬೇರೆ. ಗಾಜು ಗಾಳೀನೇ ಕಟ್ಟಿ ಹಾಕುತ್ತೆ, ಬಿಸಿಗಾಳಿ ಮೇಲೇರಿ ಹೋಗಕ್ಕೆ ಬಿಡಲ್ಲ, ಅದ್ಕೇ ಒಳಗೆ ಬೆಚ್ಚಗಿರೋದು. ಆಕಾಶದ ಕಂಬಳಿ ಗಾಳೀನ ಕಟ್ಟಲ್ಲ. ಗಾಳಿ ಅದರ ಪಾಡಿಗೆ ಅದು ಓಡಾಡ್ತಿರುತ್ತೆ, ಶಾಖ ಮಾತ್ರ ತಡೀತೈತೆ. ಮುಚ್ಚಿದ ಕೋಣೇಲಿ ಇದ್ದಿಲು ಉರಿದ್ರೆ ಹುಟ್ಟೋದು ಕಂಬಳಿ ಅಲ್ಲ, ಬೇರೆ ಒಂದು ವಿಷದ ಗಾಳಿ. ಹೊಗೆ ಕಾಣಲ್ಲ, ವಾಸನೆ ಇರಲ್ಲ. ಸತ್ತೋರ ಮುಖ ಕೆಂಪಗೆ ಇರುತ್ತೆ, ಮಲಗಿದಂಗೆ." ಆಮೇಲೆ ನನ್ನ ಮುಖ ನೋಡಿ, "ಯಾರ ಮನೇಲಪ್ಪ?" ಎಂದರು.

ಯಾರೋ ಗೊತ್ತಿರುವವರು ಎಂದೆ.

ಅದೇ ದಿನ ಬರೆಯಬೇಕಿತ್ತು, ಅಕ್ಕ. ಹೋಗಲಿ, ಗಾಜನ್ನಾದರೂ ತೆಗೆಯಬೇಕಿತ್ತು. ಶ್ರಾವಣದವರೆಗೆ ಅದಕ್ಕೂ ಧೈರ್ಯ ಬರಲಿಲ್ಲ. ಶ್ರಾವಣದಲ್ಲಿ ಹೋಗಿ, ಗಾಜು ಬಿರುಕು ಬಿಟ್ಟಿದೆ, ಮಳೆ ಸೋರುತ್ತದೆ ಎಂದು ಅವ್ವನಿಗೆ ಸುಳ್ಳು ಹೇಳಿ ಉಳಿಯಿಂದ ಎಬ್ಬಿಸಿದೆ. ಅಷ್ಟರಲ್ಲಿ ದುರುಗಕ್ಕ ಹಿತ್ತಲ ದಾರಿಯಲ್ಲಿ ಬಂದಳು. ಈಗ ಅವಳನ್ನು ಹೆರಿಗೆಗೆ ಯಾರೂ ಕರೆಯುವುದಿಲ್ಲ. ಕಂಡವರ ಹೊಲದ ಕಳೆ ತೆಗೆದು ಹೊಟ್ಟೆ ಹೊರೆಯುತ್ತಾಳೆ. ತಲೆಯ ಮೇಲೆ ಹುಲ್ಲಿನ ಹೊರೆ ಇತ್ತು. ನಿಂತು ನೋಡಿದಳು, ಏನೂ ಮಾತಾಡಲಿಲ್ಲ, ಹೋದಳು.

ಇಷ್ಟೇ ನಡೆದದ್ದು. ನಿನ್ನನ್ನು ಕೇಳಿಕೊಳ್ಳುವುದು ಕ್ಷಮೆಯಲ್ಲ. ಅದನ್ನು ಕೇಳುವ ಬಾಯಿ ನನಗಿಲ್ಲ. ಕೇಳುವುದು ಇಷ್ಟು: ತಾಳ್ಯಕ್ಕೆ ಹೋದ ದಿನವೇ ನೀನು, ಭಾವ ಇಬ್ಬರೂ ದುರುಗಕ್ಕನ ಗುಡಿಸಲಿಗೆ ಹೋಗಿ. ಯಾರ ಕೈಯಲ್ಲೋ ಹೇಳಿ ಕಳಿಸಿದರೆ ಅವಳು ಬರುವುದಿಲ್ಲ. ಊರವರು ನೋಡುವಂತೆ, ಹಗಲು ಹೊತ್ತಿನಲ್ಲಿ ಹೋಗಿ ಕರೆದುಕೊಂಡು ಬನ್ನಿ. ಕಾಲು ಮುಂದಾಗಿ ಬಂದವನನ್ನೂ ಉಳಿಸಿದ ಕೈ ಅದು, ದುರ್ಗದಲ್ಲಿ ಅದಕ್ಕಿಂತ ಒಳ್ಳೆಯ ಕೈ ಎಲ್ಲಿ ಹುಡುಕಲಿ? ಅಗ್ಗಿಷ್ಟಿಕೆ ಇಟ್ಟಾಗ ಬಾಗಿಲು ಒಂದು ಗೇಣು ತೆರೆದೇ ಇರಲಿ. ಕಿಂಡಿಯನ್ನು ಯಾರೂ ಮುಚ್ಚಬಾರದು. ಚಳಿ ಬಂದರೆ ಇನ್ನೊಂದು ಕಂಬಳಿ ಹೊದಿಸಲಿ.

ಅವ್ವನಿಗೆ, ಊರ ಹಿರಿಯರಿಗೆ ಎಂದು ಇಷ್ಟನ್ನೇ ಇನ್ನೊಂದು ಕಾಗದದಲ್ಲಿ ಬರೆದಿದ್ದೇನೆ. ಚಾವಡಿಯಲ್ಲಿ ಜೋರಾಗಿ ಓದಲಿ ಎಂದು ಶಾನುಭೋಗರ ಹೆಸರಿಗೆ ಇವತ್ತೇ ಅಂಚೆಗೆ ಹಾಕುತ್ತೇನೆ. ಹಾಗಾಗಿ ಭಾವ, ಇದನ್ನು ಅವಳಿಗೆ ಓದದೆ ಮುಚ್ಚಿಟ್ಟರೂ ಉಪಯೋಗವಿಲ್ಲ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಿಮ್ಮಿಂದ ಕೇಳಲಿ.

ನಾನು ಬರುವುದು ಬೇಡ ಅಂದರೆ ಬರುವುದಿಲ್ಲ. ಹೆರಿಗೆಯಾದ ಸುದ್ದಿಯನ್ನು ಮಾತ್ರ ಒಂದು ಸಾಲು ಬರೆಸು. ಗಂಡೋ ಹೆಣ್ಣೋ ಬರೆಯದಿದ್ದರೂ ಸರಿ, ಅತ್ತಿತು ಎಂದು ಬರೆಸು.

ನಿನ್ನ ತಮ್ಮ ಎಂದು ಬರೆಯಲು ಕೈ ತಡೆಯುತ್ತಿದೆ. ಬೇರೆ ಏನು ಬರೆಯಲಿ?

ನಿನ್ನ ತಮ್ಮ,
ಕಾಟಲಿಂಗಪ್ಪ

ತಾ.ಕ.: ಇಷ್ಟೆಲ್ಲ ಬರೆದೂ ಮೇಲೆ ಒಂದು ಸುಳ್ಳು ಉಳಿಸಿದ್ದೇನೆ. ಶ್ರಾವಣದಲ್ಲಿ ದುರುಗಕ್ಕ ಏನೂ ಮಾತಾಡದೆ ಹೋಗಲಿಲ್ಲ. ಹೊರೆ ಇಳಿಸಿ, "ಗೊತ್ತಾಯ್ತೇನಪ್ಪ?" ಎಂದು ಕೇಳಿದಳು. ಅವಳಿಗೆ ಮಗು ಹೋದ ಬೆಳಿಗ್ಗೆಯೇ ಗೊತ್ತಾಗಿತ್ತು. ನಾನು ಕೆಳಗಿಳಿದು ಅವಳ ಕಾಲು ಹಿಡಿದೆ, ಎಲ್ಲ ಹೇಳಿದೆ, ಅಕ್ಕನಿಗೆ ಬರೆಯುತ್ತೇನೆ ಎಂದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡು, "ಬರೀಬ್ಯಾಡ. ಆ ಹುಡುಗೀಗೆ ಮಗೂನೂ ಇಲ್ಲ, ಇನ್ನು ತಮ್ಮನೂ ಇಲ್ದಂಗೆ ಮಾಡಬ್ಯಾಡ. ನಂದೇನು, ವಯಸ್ಸಾತು," ಎಂದು ಮಾತು ತೆಗೆದುಕೊಂಡಳು. ನಾನು ಆಗಲಿ ಎಂದೆ. ಅವಳು ಕೊಟ್ಟ ರೊಟ್ಟಿ ತಿಂದು, ನೀರು ಕುಡಿದು ದುರ್ಗಕ್ಕೆ ಬಂದೆ. ಆ ರಾತ್ರಿಯಿಂದ ನಿನ್ನ ಕಾರ್ಡು ಬರುವವರೆಗೆ ಮೂರು ತಿಂಗಳು ನನಗೆ ಚೆನ್ನಾಗಿ ನಿದ್ದೆ ಬಂತು, ಅಕ್ಕ.